ಕಾಲೇಜ್ ಕ್ಯಾಂಪಸ್ಸಿನಲ್ಲಿ ಹೈಸ್ಕೂಲ್: ಬೆಂಗಳೂರಿನ ಅಪ್ಪ-ಅಮ್ಮಂದಿರು ಎಲ್ಲಿಂದ ಶುರು ಮಾಡಬೇಕು

ನನ್ನ ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಗಣಿತದ ಪುಸ್ತಕವನ್ನು ದಸರಾ ರಜೆಗೆ ಮುಂಚೆಯೇ ಮುಗಿಸಿದಳು. ಒಂಬತ್ತನೇ ಕ್ಲಾಸಿನದ್ದು ಸಂಕ್ರಾಂತಿ ಹೊತ್ತಿಗೆ ಮುಗಿಯಿತು. ಕ್ಲಾಸಿನಲ್ಲಿ ಅವಳಿಗೆ ಸಿಗುತ್ತಿದ್ದ ಮಾತು ಒಂದೇ, "ನಿಂಗೆ ಬರುತ್ತಲ್ಲಾ, ಸುಮ್ನೆ ಕೂತ್ಕೋ." ಮೂರು ತಿಂಗಳು ಸುಮ್ಮನೆ ಕೂತಳು. ಆಮೇಲೆ ಬೆಳಿಗ್ಗೆ ಎದ್ದರೆ ಹೊಟ್ಟೆನೋವು ಅನ್ನತೊಡಗಿದಳು. ಡಾಕ್ಟರಿಗೆ ತೋರಿಸಿದೆವು, ಏನೂ ಇರಲಿಲ್ಲ. ಭಾನುವಾರ ಮಾತ್ರ ಆ ನೋವು ಬರುತ್ತಿರಲಿಲ್ಲ ಅನ್ನುವುದು ನಮಗೆ ಹೊಳೆದದ್ದು ತಡವಾಗಿ.

ಅದೇ ಹೊತ್ತಿಗೆ ಡಲ್ಲಾಸ್‌ನಲ್ಲಿರುವ ನಮ್ಮ ಭಾವ ಫೋನ್ ಮಾಡಿದ್ದರು. ಇಲ್ಲಿ ಇಂಥ ಮಕ್ಕಳು ಹತ್ತು ಮುಗಿಸಿ ನೇರ ಯೂನಿವರ್ಸಿಟಿ ಹಾಸ್ಟೆಲಿಗೆ ಹೋಗುತ್ತಾರೆ, ಅಲ್ಲೇ ಹೈಸ್ಕೂಲೂ ಮುಗಿಯುತ್ತೆ, ಕಾಲೇಜಿನ ಎರಡು ವರ್ಷವೂ ಮುಗಿಯುತ್ತೆ ಅಂದರು. ಅವತ್ತು ರಾತ್ರಿಯಿಂದ ನಾನು ಹುಡುಕಲು ಶುರು ಮಾಡಿದೆ. ನಾಲ್ಕು ವರ್ಷದಲ್ಲಿ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು. ಬೆಂಗಳೂರಿನಲ್ಲಿ ಇದ್ದುಕೊಂಡು ಮಗುವಿಗೆ ತರಗತಿ ಹಾರಿಸುವ ಅಗತ್ಯ ಇಲ್ಲ, ಇಷ್ಟದ ವಿಷಯ ಒಂದರಲ್ಲಿ ಮುಂದೆ ಓಡಲು ಬಿಡಬಹುದು. ಎರಡಕ್ಕೂ ವ್ಯತ್ಯಾಸ ಬಹಳ ಇದೆ.

ಮೊದಲು ಆ ಅಮೆರಿಕದ ವ್ಯವಸ್ಥೆ ಏನು ಅಂತ ತಿಳಿದುಕೊಳ್ಳಿ, ಯಾಕೆಂದರೆ ನಾವು ನಕಲು ಮಾಡಬೇಕಾದದ್ದು ಅದರ ಒಳಗಿದೆ. ಭಾವ ಹೇಳಿದ್ದು ಟೆಕ್ಸಾಸ್ ಅಕಾಡೆಮಿ ಆಫ್ ಮ್ಯಾಥಮೆಟಿಕ್ಸ್ ಆ್ಯಂಡ್ ಸೈನ್ಸ್ ಬಗ್ಗೆ. 1987ರಲ್ಲಿ ಅಲ್ಲಿನ ಶಾಸನಸಭೆ ಮಂಜೂರು ಮಾಡಿದ್ದು. ಡೆಂಟನ್ ಊರಿನ ಯೂನಿವರ್ಸಿಟಿ ಆಫ್ ನಾರ್ತ್ ಟೆಕ್ಸಾಸ್ ಕ್ಯಾಂಪಸ್ಸಿನಲ್ಲಿದೆ. ಮಕ್ಕಳು ಹಾಸ್ಟೆಲಿನಲ್ಲಿದ್ದು, ಡಿಗ್ರಿ ಹುಡುಗರ ಜೊತೆ ಅದೇ ಬೆಂಚಿನಲ್ಲಿ ಕೂತು, ಅದೇ ಪ್ರೊಫೆಸರ್ ಹತ್ತಿರ ಪಾಠ ಕೇಳುತ್ತಾರೆ. ಕೆಂಟಕಿಯಲ್ಲಿ ಗ್ಯಾಟನ್ ಅಕಾಡೆಮಿ 2007ರಲ್ಲಿ ಹೀಗೇ ಶುರುವಾಯಿತು. ನೆವಾಡಾದ ರೀನೊ ಊರಿನಲ್ಲಿ, ಯೂನಿವರ್ಸಿಟಿ ಕ್ಯಾಂಪಸ್ಸಿನೊಳಗೇ, 2006ರಿಂದ ಡೇವಿಡ್ಸನ್ ಅಕಾಡೆಮಿ ಇದೆ. ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ 1977ರಲ್ಲೇ ಚಿಕ್ಕ ವಯಸ್ಸಿನವರನ್ನು ನೇರ ಕಾಲೇಜಿಗೆ ಸೇರಿಸಿಕೊಳ್ಳಲು ಶುರು ಮಾಡಿತು. ಬುದ್ಧಿ ಇದ್ದರಷ್ಟೇ ಸಾಲದು, ನೋಟ್ಸ್ ಬರೆಯುವುದು, ಪ್ರಬಂಧ ಬರೆಯುವುದು, ಕಾಲೇಜಿನ ವೇಗ ಇವನ್ನೂ ಕಲಿಸಬೇಕು ಅಂತ ಕಂಡ ಮೇಲೆ ಮಧ್ಯೆ ಒಂದು ವರ್ಷದ ತಯಾರಿ ತರಗತಿಯನ್ನೂ ಸೇರಿಸಿದರು.

ಇದಕ್ಕೆಲ್ಲ ಹಿಂದೆ ಇರುವವರಲ್ಲಿ ಮುಖ್ಯರು ಜೂಲಿಯನ್ ಸ್ಟಾನ್ಲಿ ಅನ್ನುವ ಪ್ರೊಫೆಸರ್. 1971ರಲ್ಲಿ ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿಯಲ್ಲಿ ಅವರು ಶುರು ಮಾಡಿದ ಅಧ್ಯಯನದ ಉಪಾಯ ಸರಳ. ಏಳನೇ ಕ್ಲಾಸಿನ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆಯುವ ಮಕ್ಕಳು ಹತ್ತಾರು ಜನ ಇರುತ್ತಾರೆ. ಆ ನೂರರ ಆಚೆ ಯಾರು ಎಷ್ಟು ದೂರ ಇದ್ದಾರೆ ಅಂತ ಆ ಪರೀಕ್ಷೆ ಹೇಳುವುದಿಲ್ಲ. ಅದಕ್ಕೆ ಅವರು ಕಾಲೇಜು ಸೇರಲು ಹದಿನೇಳು ವರ್ಷದವರು ಬರೆಯುವ ಎಸ್‌ಎಟಿ ಪರೀಕ್ಷೆಯನ್ನು ಹನ್ನೆರಡು-ಹದಿಮೂರು ವರ್ಷದವರ ಕೈಗೆ ಕೊಟ್ಟರು. ಆಗ ವ್ಯತ್ಯಾಸ ಕಾಣಿಸಿತು.

ಇದನ್ನು ನೀವು ಮನೆಯಲ್ಲೇ ಮಾಡಬಹುದು. ಮಗು ಎಂಟರಲ್ಲಿದ್ದರೆ ಎಸ್‌ಎಸ್‌ಎಲ್‌ಸಿ ಗಣಿತದ ಹಳೇ ಪ್ರಶ್ನೆಪತ್ರಿಕೆ ತೆಗೆದುಕೊಳ್ಳಿ, ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಏನೂ ಹೇಳಿಕೊಡಬೇಡಿ. ಒಂದು ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ಮೂರು ಗಂಟೆ ಕೊಟ್ಟು ಬರೆಯಲು ಬಿಡಿ. 80ಕ್ಕೆ ಎಷ್ಟು ಬಂತು ಅನ್ನುವುದಕ್ಕಿಂತ ಗೊತ್ತಿಲ್ಲದ ಪ್ರಶ್ನೆಗೆ ಏನು ಮಾಡಿದೆ ಅಂತ ನೋಡಿ. ಇದು ಸುಲಭವಾದರೆ ಮುಂದಿನ ಮೆಟ್ಟಿಲು ಐಒಕ್ಯೂಎಂ, ಅಂದರೆ ಗಣಿತ ಒಲಿಂಪಿಯಾಡಿನ ಮೊದಲ ಸುತ್ತು. ಎಂಟರಿಂದ ಹನ್ನೆರಡರವರೆಗಿನ ಮಕ್ಕಳು ಬರೆಯಬಹುದು. ಮೂರು ಗಂಟೆ, 30 ಪ್ರಶ್ನೆ. ಉತ್ತರ ಎಲ್ಲ ಎರಡಂಕಿಯ ಸಂಖ್ಯೆ, ಆರಿಸಿಕೊಳ್ಳಲು ನಾಲ್ಕು ಆಯ್ಕೆ ಕೊಡುವುದಿಲ್ಲ. ಹಳೇ ಪತ್ರಿಕೆಗಳು ಬಿಟ್ಟಿಯಾಗಿ ಸಿಗುತ್ತವೆ. ಶಾಲೆಯಲ್ಲಿ ನೂರು ತೆಗೆಯುವ ಮಗು ಇಲ್ಲಿ ಐದಾರು ಪ್ರಶ್ನೆ ಮಾಡಿದರೂ ಅದು ಒಳ್ಳೆಯದೇ, ಬೇಜಾರಾಗಬೇಡಿ.

ನನಗೆ ನನ್ನ ಮಗಳ ಬಗ್ಗೆ ಖಾತ್ರಿಯಾದದ್ದು ಅಂಕದಿಂದ ಅಲ್ಲ. ಒಂದು ಪ್ರಶ್ನೆ ಇತ್ತು, ನೂರು ಎರಡುಗಳನ್ನು ಒಂದಕ್ಕೊಂದು ಗುಣಿಸಿ ಏಳರಿಂದ ಭಾಗಿಸಿದರೆ ಉಳಿಯುವುದೆಷ್ಟು ಅಂತ. ಅವಳಿಗೆ ಗೊತ್ತಾಗಲಿಲ್ಲ. ಎದ್ದು ಹೋಗಲೂ ಇಲ್ಲ. ಸಂಜೆ ನಾನು ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದೆ. ಪಕ್ಕದಲ್ಲಿ ಕೂತು ಹಾಲಿನ ಚೀಟಿಯ ಹಿಂದೆ ಬರೆದಳು: 2, 4, 1. ಮತ್ತೆ 2, 4, 1. ಮತ್ತೆ 2, 4, 1. ಪೆನ್ಸಿಲ್ ಕೆಳಗಿಟ್ಟು, "ಅಮ್ಮಾ, ಮೂರು ಮೂರಕ್ಕೆ ವಾಪಸ್ ಬರುತ್ತೆ. ತೊಂಬತ್ತೊಂಬತ್ತಕ್ಕೆ ಒಂದು, ನೂರಕ್ಕೆ ಎರಡು" ಅಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಏಳರ ಬದಲು ಹನ್ನೊಂದು ಹಾಕಿದರೆ ಏನಾಗುತ್ತೆ ಅಂತ ಚೀಟಿ ತಿರುಗಿಸಿದಳು. ಯಾರೂ ಕೇಳದ ಎರಡನೇ ಪ್ರಶ್ನೆಯನ್ನು ಮಗು ತಾನೇ ಕೇಳಿಕೊಳ್ಳುತ್ತದಾ ಅಂತ ನೋಡಿ. ಬರೀ ಬೇಗ ಮುಗಿಸುವ ಮಗುವಿಗೆ ಇನ್ನೂ ಎರಡು ಪುಸ್ತಕ ಕೊಟ್ಟರೆ ಸಾಕು. ಹೀಗೆ ಕೇಳಿಕೊಳ್ಳುವ ಮಗುವಿಗೆ ಬೇರೆ ಜಾಗ, ಬೇರೆ ಜನ ಬೇಕು.

ಈಗ ತರಗತಿ ಹಾರಿಸುವ ವಿಷಯ. ನೆಂಟರೆಲ್ಲ ಮೊದಲು ಹೇಳುವುದು ಇದನ್ನೇ. ಸಿ.ಎನ್.ಆರ್. ರಾವ್ ಬಸವನಗುಡಿಯ ಹುಡುಗ, 1951ರಲ್ಲಿ ಹದಿನೇಳನೇ ವಯಸ್ಸಿಗೆ ಮೈಸೂರು ಯೂನಿವರ್ಸಿಟಿ ಬಿಎಸ್‌ಸಿ ಮುಗಿಸಿದರು, ನಮ್ಮ ಮನೆಯಲ್ಲೂ ಈ ಉದಾಹರಣೆ ಬಂತು. ಆದರೆ ಈಗ ದಾರಿಯಲ್ಲಿ ಗೇಟುಗಳಿವೆ. ಓಪನ್ ಸ್ಕೂಲ್ ಅಂದರೆ ಎನ್‌ಐಒಎಸ್‌ನಲ್ಲಿ ಹತ್ತನೇ ಕ್ಲಾಸಿಗೆ ಕನಿಷ್ಠ 14 ವರ್ಷ, ಹನ್ನೆರಡಕ್ಕೆ 15 ವರ್ಷ ಆಗಿರಬೇಕು. ನೀಟ್ ಬರೆಯುವುದಾದರೆ ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಬೇಕು. ಕಷ್ಟಪಟ್ಟು ಎರಡು ವರ್ಷ ಉಳಿಸಿ, ಆಮೇಲೆ ಗೇಟಿನ ಮುಂದೆ ಎರಡು ವರ್ಷ ಕಾಯುವುದರಲ್ಲಿ ಏನು ಬಂತು? ಆ ಎರಡು ವರ್ಷ ನಿಮ್ಮ ಕೈಯಲ್ಲೇ ಇದೆ. ಮಗು ತನ್ನ ವಯಸ್ಸಿನವರ ಜೊತೆ ಎಂಟು, ಒಂಬತ್ತು, ಹತ್ತು ಓದಲಿ. ಇಷ್ಟದ ವಿಷಯ ಒಂದರಲ್ಲಿ ಮಾತ್ರ ಎಷ್ಟು ದೂರ ಹೋಗುತ್ತದೋ ಹೋಗಲಿ.

ಅದಕ್ಕೆ ಶಾಲೆ ಒಪ್ಪಬೇಕು. ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಮೊದಲನೇ ಸಲ ಹೋಗಿ ನನ್ನ ಮಗಳು ಬೇರೆ ಥರ, ಅವಳಿಗೆ ಬೇರೆ ಪಾಠ ಬೇಕು ಅಂತ ಅರ್ಧ ಗಂಟೆ ಹೇಳಿದೆ. ಎಲ್ಲರೂ ಹಾಗೇ ಹೇಳ್ತಾರೆ ಮೇಡಂ ಅಂತ ಕಳಿಸಿಬಿಟ್ಟರು. ಮಗಳ ಮುಂದೆಯೇ ಹಾಗಂದದ್ದು ನನಗೆ ಇವತ್ತಿಗೂ ನೋವು. ಎರಡನೇ ಸಲ ಒಂದೇ ಹಾಳೆಯ ಪತ್ರ ತೆಗೆದುಕೊಂಡು ಹೋದೆ. ಕೇಳಿದ್ದು ಒಂದೇ: ಗಣಿತದ ಪೀರಿಯಡ್ಡಿನಲ್ಲಿ ಅವಳು ಹಿಂದಿನ ಬೆಂಚಿನಲ್ಲಿ ಕೂತು ತನ್ನ ಪುಸ್ತಕದ ಲೆಕ್ಕ ಮಾಡಲಿ, ಟೆಸ್ಟುಗಳನ್ನೆಲ್ಲ ಬರೆಯುತ್ತಾಳೆ, ಒಂದು ಟರ್ಮ್ ನೋಡಿ. ಜೊತೆಗೆ ಅವಳು ಬರೆದ ಎಸ್‌ಎಸ್‌ಎಲ್‌ಸಿ ಪತ್ರಿಕೆಯನ್ನೂ ಇಟ್ಟೆ. ಒಪ್ಪಿದರು. ಹೊಟ್ಟೆನೋವು ಎರಡು ವಾರದಲ್ಲಿ ಹೋಯಿತು. ನೀವೂ ಕೇಳುವಾಗ ಒಂದೇ ಕೇಳಿ, ಚಿಕ್ಕದು ಕೇಳಿ, ಒಂದು ಟರ್ಮಿಗೆ ಅಂತ ಕೇಳಿ.

ಇನ್ನು ಕ್ಯಾಂಪಸ್. ನಮ್ಮ ಊರಿನಲ್ಲಿ ಟೆಕ್ಸಾಸಿನಂಥ ಹಾಸ್ಟೆಲ್ ಇಲ್ಲ, ನಿಜ. ಆದರೆ ಬಾಗಿಲು ತೆರೆದಿರುವ ಜಾಗಗಳು ಜಾಸ್ತಿ ಇವೆ. ಮೊದಲು ಜವಾಹರಲಾಲ್ ನೆಹರು ತಾರಾಲಯಕ್ಕೆ ಹೋಗಿ. ಆಕಾಶದ ಶೋ ನೋಡಿ ಬರುವ ಜಾಗ ಅಂತ ಮಾತ್ರ ಅಂದುಕೊಳ್ಳಬೇಡಿ, ಶಾಲಾ ಮಕ್ಕಳಿಗೆ ಭಾನುವಾರದ ವಿಜ್ಞಾನ ತರಗತಿ ಇರುತ್ತದೆ, ಡಿಗ್ರಿಯವರಿಗೆ ರೀಪ್ ಅಂತ ಭೌತಶಾಸ್ತ್ರದ ಕೋರ್ಸ್ ಇದೆ. ಪ್ರಶ್ನೆ ಕೇಳಿದರೆ ಖುಷಿಪಡುವ ಮೇಷ್ಟ್ರುಗಳು ಅಲ್ಲಿ ಸಿಗುತ್ತಾರೆ. ಹೆಸರಘಟ್ಟ ಕಡೆ ಶಿವಕೋಟೆಯಲ್ಲಿರುವ ವಿಜ್ಞಾನ ಸಂಶೋಧನಾ ಸಂಸ್ಥೆ ಐಸಿಟಿಎಸ್‌ನವರು ಶಾಲಾ ಮಕ್ಕಳಿಗೆ ಗಣಿತ ವೃತ್ತ ಅಂದರೆ ಮ್ಯಾಥ್ಸ್ ಸರ್ಕಲ್ ನಡೆಸುತ್ತಾರೆ. ಅವರದೇ ಕಾಪಿ ವಿತ್ ಕ್ಯೂರಿಯಾಸಿಟಿ ಉಪನ್ಯಾಸಗಳಿಗೆ ಯಾರು ಬೇಕಾದರೂ ಹೋಗಬಹುದು. ಅರ್ಧ ಅರ್ಥವಾಗದಿದ್ದರೂ ಕರೆದುಕೊಂಡು ಹೋಗಿ. ಟಾಟಾ ಇನ್‌ಸ್ಟಿಟ್ಯೂಟಿನ ಅಂದರೆ ಐಐಎಸ್‌ಸಿಯ ಓಪನ್ ಡೇ ವರ್ಷಕ್ಕೊಮ್ಮೆ ಬರುತ್ತದೆ. ಜಾತ್ರೆಯಷ್ಟು ಜನ ಇರುತ್ತಾರೆ, ಬೆಳಿಗ್ಗೆ ಬೇಗ ಹೋಗಿ, ಎಲ್ಲ ವಿಭಾಗ ಸುತ್ತಬೇಡಿ. ಎರಡೇ ಲ್ಯಾಬ್ ಆರಿಸಿಕೊಂಡು ಅಲ್ಲಿನ ಪಿಎಚ್‌ಡಿ ಹುಡುಗರ ಜೊತೆ ಮಗು ಮಾತಾಡಲಿ. ಅದೇ ಆವರಣದಲ್ಲಿರುವ ಸಂಶೋಧನಾ ಸಂಸ್ಥೆ ನಿಯಾಸ್, 1988ರಲ್ಲಿ ಜೆ.ಆರ್.ಡಿ. ಟಾಟಾ ಕಟ್ಟಿದ್ದು, ನಮ್ಮ ದೇಶದ ಇಂಥ ಮಕ್ಕಳನ್ನು ಗುರುತಿಸುವ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದೆ. ಪಾಠಕ್ಕೆ ಎನ್‌ಪಿಟಿಇಎಲ್ ಇದೆ, ಐಐಟಿ ಮತ್ತು ಐಐಎಸ್‌ಸಿ ಮೇಷ್ಟ್ರುಗಳ ಪೂರ್ತಿ ಕೋರ್ಸುಗಳು. ನೋಡುವುದಕ್ಕೆ ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ.

ಒಂದು ಎಚ್ಚರಿಕೆ. ಕೆವಿಪಿವೈ ಅನ್ನುವ ವಿಜ್ಞಾನ ವಿದ್ಯಾರ್ಥಿವೇತನದ ಪರೀಕ್ಷೆ ಬರೆಸಿ ಅಂತ ಇನ್ನೂ ಬಹಳ ಜನ ಹೇಳುತ್ತಾರೆ. 1999ರಿಂದ ಇದ್ದ ಆ ಪರೀಕ್ಷೆ 2022ರಲ್ಲಿ ನಿಂತುಹೋಯಿತು. ಪ್ರತಿಭಾನ್ವೇಷಣೆ ಪರೀಕ್ಷೆ ಎನ್‌ಟಿಎಸ್‌ಇಯೂ 2021ರ ನಂತರ ನಿಂತಿದೆ. ಇವುಗಳ ಹೆಸರಿನಲ್ಲಿ ಕೋಚಿಂಗ್ ಅಂದರೆ ದುಡ್ಡು ಕಟ್ಟುವ ಮುಂಚೆ ಎರಡು ಸಲ ವಿಚಾರಿಸಿ.

ಪ್ರೊಫೆಸರುಗಳಿಗೆ ಮೇಲ್ ಮಾಡುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಮಗುವೇ ಬರೆಯಬೇಕು, ನೀವು ಬರೆಯಬಾರದು. ನನ್ನ ಮಗಳು ಜೀನಿಯಸ್ ಅಂತ ಅಮ್ಮ ಬರೆದ ಪತ್ರಕ್ಕೆ ಯಾರು ಉತ್ತರ ಕೊಡುತ್ತಾರೆ? ಅವಳು ಬರೆದದ್ದು ಇಷ್ಟೇ: "ನಾನು ಒಂಬತ್ತನೇ ಕ್ಲಾಸು. 2ನ್ನು ಮತ್ತೆ ಮತ್ತೆ ಗುಣಿಸುತ್ತಾ 7ರಿಂದ ಭಾಗಿಸಿದರೆ ಶೇಷ ಮೂರು ಹೆಜ್ಜೆಗೊಮ್ಮೆ ಮರಳಿ ಬರುತ್ತದೆ. 11ಕ್ಕೆ ಹತ್ತು ಹೆಜ್ಜೆ ಬೇಕು, 13ಕ್ಕೆ ಹನ್ನೆರಡು, ಆದರೆ 17ಕ್ಕೆ ಎಂಟೇ ಸಾಕು. ಯಾಕೆ ಹೀಗೆ? ಯಾವ ಪುಸ್ತಕ ಓದಬೇಕು?" ಐದು ಜನಕ್ಕೆ ಕಳಿಸಿದಳು, ಒಬ್ಬರು ಉತ್ತರಿಸಿದರು. ಫರ್ಮಾನ ಕಿರು ಪ್ರಮೇಯ ಅಂತ ಹುಡುಕಿ ಓದು, ಅರ್ಥವಾದದ್ದನ್ನು ನಿನ್ನ ಮಾತಿನಲ್ಲಿ ಬರೆದು ಕಳಿಸು ಅಂತ ಎರಡೇ ಸಾಲು. ಅವಳು ಆರು ಪುಟ ಬರೆದಳು. ಆಮೇಲೆ ಒಂದು ಶನಿವಾರ ಬಾ ಅಂದರು.

ಆ ಶನಿವಾರ ನಾನೂ ಹೋಗಿದ್ದೆ. ಮಾತು ಚೆನ್ನಾಗಿ ನಡೆಯಿತಂತೆ, ನಾನು ಹೊರಗೆ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವಳು ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುವಾಗ ಪಕ್ಕದ ಮೇಜಿನ ದೊಡ್ಡ ಹುಡುಗಿಯರು ಜೋರಾಗಿ ನಗುತ್ತಿದ್ದರು, ಅವರ ಪಾಡಿಗೆ ಅವರು. ಇವಳು ತಲೆ ತಗ್ಗಿಸಿ ಬೇಗ ಬೇಗ ತಿಂದಳು. ಲೆಕ್ಕದಲ್ಲಿ ಅವರ ಸಮ ಇರಬಹುದು, ಊಟದ ಮೇಜಿನಲ್ಲಿ ಇನ್ನೂ ಹದಿನಾಲ್ಕು ವರ್ಷದ ಮಗು. ಟೆಕ್ಸಾಸಿನಂಥ ಕಾರ್ಯಕ್ರಮಗಳಲ್ಲಿ ಒಂದೇ ವಯಸ್ಸಿನವರೆಲ್ಲ ಒಟ್ಟಿಗೆ ಒಂದೇ ಹಾಸ್ಟೆಲಿನಲ್ಲಿರುವುದು ಯಾಕೆ ಅಂತ ನನಗೆ ಅಲ್ಲಿ ಅರ್ಥವಾಯಿತು. ನಿಮ್ಮ ಮಗುವಿಗೂ ಅಂಥದೇ ಒಬ್ಬಿಬ್ಬರು ಜೊತೆಗಾರರನ್ನು ಹುಡುಕಿ. ಮ್ಯಾಥ್ಸ್ ಸರ್ಕಲ್, ಒಲಿಂಪಿಯಾಡ್ ಸೆಂಟರ್ ಇಂಥ ಕಡೆ ಸಿಗುತ್ತಾರೆ. ಫೋನ್ ನಂಬರ್ ತೆಗೆದುಕೊಳ್ಳಿ, ಮನೆಗೆ ದೋಸೆಗೆ ಕರೆಯಿರಿ. ಶಾಲೆಯ ಗೆಳತಿಯರ ಜೊತೆ ಥ್ರೋಬಾಲ್ ಆಡುವ ಸಂಜೆಯನ್ನು ಕ್ಲಾಸಿಗೋಸ್ಕರ ಕಿತ್ತುಕೊಳ್ಳಬೇಡಿ. ನಿದ್ದೆಯನ್ನಂತೂ ಮುಟ್ಟಲೇಬೇಡಿ.

ಇಷ್ಟಾದರೂ ಅಮೆರಿಕಕ್ಕೇ ಕಳಿಸಬೇಕು ಅನ್ನುವವರು ಮೊದಲು ನಿಯಮ ಓದಿ. ಟೆಕ್ಸಾಸಿನದು ಟೆಕ್ಸಾಸಿನವರಿಗೆ ಮಾತ್ರ, ರಾಜ್ಯ ಸರ್ಕಾರಗಳು ನಡೆಸುವ ಬಹುತೇಕ ಇಂಥವು ಹೀಗೇ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಅಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ 12 ತಿಂಗಳಿಗಿಂತ ಜಾಸ್ತಿ ಓದುವ ಹಾಗಿಲ್ಲ, ಪೂರ್ತಿ ಖರ್ಚೂ ನಾವೇ ಕೊಡಬೇಕು. ಖಾಸಗಿಯವು ಇವೆ, ಆದರೆ ಅವು ಎಷ್ಟು ಗಟ್ಟಿ ಅಂತ ವಿಚಾರಿಸಿ. 1966ರಲ್ಲಿ ಶುರುವಾದ ಸೈಮನ್ಸ್ ರಾಕ್ ಅನ್ನುವ ಇಂಥ ಕಾಲೇಜು ಅಷ್ಟು ಹಳೇದು, ಅದು ಕೂಡ 2025ರಲ್ಲಿ ತನ್ನ ಮ್ಯಾಸಚೂಸೆಟ್ಸ್ ಕ್ಯಾಂಪಸ್ ಬಿಟ್ಟು ನ್ಯೂಯಾರ್ಕ್ ರಾಜ್ಯಕ್ಕೆ ಹೋಯಿತು. ಅಲ್ಲಿ ಗಳಿಸಿದ ಕ್ರೆಡಿಟ್ಟನ್ನು ಮುಂದಿನ ಕಾಲೇಜು ಒಪ್ಪಲೇಬೇಕು ಅಂತಿಲ್ಲ. ವಾಪಸ್ ಬಂದು ಇಲ್ಲಿ ಓದುವುದಾದರೆ ಅಲ್ಲಿನ ಹೈಸ್ಕೂಲ್ ಡಿಪ್ಲೊಮಾ ನಮ್ಮ ಹನ್ನೆರಡನೇ ಕ್ಲಾಸಿಗೆ ಸಮ ಅಂತ ಅಧಿಕೃತ ಪತ್ರ ಬೇಕಾಗುತ್ತದೆ. ಹೊರಡುವ ಮುಂಚೆಯೇ ಇದನ್ನು ಕೇಳಿಕೊಳ್ಳಿ.

ನನ್ನ ಮಗಳು ಈಗ ಸೆಕೆಂಡ್ ಪಿಯುಸಿ. ತನ್ನ ವಯಸ್ಸಿನವರ ಜೊತೆಯಲ್ಲೇ ಇದ್ದಾಳೆ. ಡಿಗ್ರಿ ಎರಡನೇ ವರ್ಷದ ಬೀಜಗಣಿತ ಓದುತ್ತಿದ್ದಾಳೆ, ಮೈಸೂರು ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಅಂದರೆ ಐಎಸ್‌ಐನ ಬಿ.ಮ್ಯಾಥ್ ಅನ್ನುವ ಗಣಿತದ ಡಿಗ್ರಿಯ ಪ್ರವೇಶ ಪರೀಕ್ಷೆಗೆ ಕೂರುತ್ತಾಳೆ. ಆ ಪರೀಕ್ಷೆಯಲ್ಲಿ ಟಿಕ್ ಹಾಕುವ ಭಾಗದ ಜೊತೆ ಬರೆದು ತೋರಿಸುವ ಭಾಗವೂ ಇದೆ, ಅದಕ್ಕೇ ಅವಳಿಗೆ ಇಷ್ಟ. ಹತ್ತನೇ ಕ್ಲಾಸಿನ ಮಧ್ಯೆ ಒಂದು ಸಲ ನಾಲ್ಕು ತಿಂಗಳು ಎಲ್ಲ ಬಿಟ್ಟು ಬರೀ ಕಾದಂಬರಿ ಓದಿದಳು. ಬಿಟ್ಟೆವು. ಪ್ರೊಫೆಸರಿಗೆ ಅವಳೇ ಮೇಲ್ ಮಾಡಿ ಈಗ ಬರೋದಿಲ್ಲ ಅಂದಳು, ಆಯ್ತು ಬೇಕಾದಾಗ ಬಾ ಅಂತ ಅವರು ಬರೆದರು. ಜೂನ್‌ನಲ್ಲಿ ತಾನೇ ಹೋದಳು.