ಸರ್ಜನ್‌ಗೆ ವಯಸ್ಸಾಗುವಾಗ: ಈಗಲೇ ಮಾಡಿಕೊಳ್ಳಬೇಕಾದ ಏರ್ಪಾಡು

ಹೊಲಿಗೆಯ ಸಣ್ಣ ದಾರ ಕೈಗೆ ಬಂದಾಗ ತಲೆ ತಾನಾಗೇ ಹಿಂದಕ್ಕೆ ಹೋಗುತ್ತಿದೆಯಾ? "ಸಿಸ್ಟರ್, ಲೈಟ್ ಸ್ವಲ್ಪ ಈ ಕಡೆ" ಅಂತ ಪದೇಪದೇ ಹೇಳುತ್ತಿದ್ದೀರಾ? ಹಾಗಾದರೆ ಕಣ್ಣಿನಿಂದಲೇ ಶುರು ಮಾಡಿ.

40 ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ನಮಗೆಲ್ಲ ಗೊತ್ತು. ಆದರೆ ಓದುವ ಕನ್ನಡಕ ಪುಸ್ತಕದ ದೂರಕ್ಕೆ ಮಾಡಿದ್ದು, ತೆರೆದ ಹೊಟ್ಟೆಯ ಆಳಕ್ಕಲ್ಲ. ಟೇಬಲ್ ಮುಂದೆ ನೀವು ನಿಲ್ಲುವ ಭಂಗಿಯಲ್ಲೇ ನಿಂತು, ಕಣ್ಣಿನಿಂದ ಕೈ ಕೆಲಸ ಮಾಡುವ ಜಾಗದವರೆಗೆ ಟೇಪ್ ಹಿಡಿದು ಅಳೆಸಿ, ಆ ಅಳತೆಗೇ ಕನ್ನಡಕ ಮಾಡಿಸಿ. ಲೂಪ್ಸ್ (ಕನ್ನಡಕಕ್ಕೆ ಕೂರಿಸುವ ಭೂತಗನ್ನಡಿ) ಕೊಳ್ಳುವುದಾದರೂ ಇದೇ ಅಳತೆ ಬೇಕು. ವರ್ಷಕ್ಕೊಮ್ಮೆ ಪೊರೆ ಬಂದಿದೆಯಾ ಅಂತಲೂ ನೋಡಿಸಿ. ಅದು ನಿಧಾನವಾಗಿ ಬರುತ್ತದೆ, ಬಣ್ಣ ಮಂಕಾಗಿದ್ದು ನಮಗೇ ತಿಳಿಯುವುದಿಲ್ಲ.

ಇನ್ನು ಕುತ್ತಿಗೆ, ಸೊಂಟ. ಓಪನ್ ಕೇಸ್‌ಗೆ ಟೇಬಲ್ ಮೊಣಕೈ ಮಟ್ಟಕ್ಕಿರಲಿ. ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ನೋಡುತ್ತಾ ಮಾಡುವ ಲ್ಯಾಪ್ರೋಸ್ಕೋಪಿಯಲ್ಲಿ ಉಪಕರಣ ಉದ್ದ, ಹೊಟ್ಟೆಯೂ ಗ್ಯಾಸ್ ತುಂಬಿ ಉಬ್ಬಿರುತ್ತದೆ, ಹಾಗಾಗಿ ಇನ್ನೂ ಕೆಳಗೆ ಇಳಿಸಿ. ಮಾನಿಟರ್ ನೇರ ಎದುರಿಗೆ, ಕಣ್ಣಿಗಿಂತ ತುಸು ಕೆಳಗಿರಲಿ. ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಕೈ ಬಿಟ್ಟು ಭುಜ ಸಡಿಲಿಸಿ.

ರಾತ್ರಿ ಎಮರ್ಜೆನ್ಸಿಗಳನ್ನು ಜೊತೆಯವರ ಜೊತೆ ಹಂಚಿಕೊಳ್ಳಿ. ರಾತ್ರಿ ಎರಡಕ್ಕೆ ಎದ್ದು ಹೋಗಿದ್ದರೆ ಮಾರನೇ ದಿನ ದೊಡ್ಡ ಕೇಸ್ ಇಟ್ಟುಕೊಳ್ಳಬೇಡಿ.

ಇದೆಲ್ಲ ಸುಲಭದ ಮಾತಾಯಿತು. ಕಷ್ಟದ್ದು ಬೇರೆ ಇದೆ. ಕೈ ನಡುಗಿದರೆ ಎಲ್ಲರಿಗೂ ಕಾಣುತ್ತದೆ, ಮರೆವು ಬಂದರೆ, ತೀರ್ಮಾನ ತಪ್ಪಿದರೆ ಹೇಳುವವರು ಯಾರು? ಜರ್ಮನಿಯ ಫರ್ಡಿನಾಂಡ್ ಝಾವರ್‌ಬ್ರುಖ್ 1904ರಲ್ಲೇ ಎದೆಗೂಡು ತೆರೆದು ಆಪರೇಷನ್ ಮಾಡುವ ದಾರಿ ತೋರಿಸಿದವರು. ಕೊನೆಗಾಲದಲ್ಲಿ ಅವರಿಗೆ ಮರೆಗುಳಿ ಕಾಯಿಲೆ ಬಂತು. ಆದರೂ ಆಪರೇಷನ್ ನಡೆದೇ ಇತ್ತು, ಅಷ್ಟು ದೊಡ್ಡವರಿಗೆ ಸಾಕು ಅನ್ನಲು ಸುತ್ತಲಿನವರು ಹಿಂಜರಿದರು. 1949ರಲ್ಲಿ ಬರ್ಲಿನ್‌ನ ಶಾರಿಟೆ ಆಸ್ಪತ್ರೆ ಅವರನ್ನು ಕೆಲಸದಿಂದ ಬಿಡಿಸಿದ ಮೇಲೂ ಖಾಸಗಿಯಾಗಿ ಮುಂದುವರಿಸಿದರು. ನಮ್ಮಲ್ಲೂ ಸರ್ಕಾರಿ ಡಾಕ್ಟರಿಗೆ ನಿವೃತ್ತಿಯ ವಯಸ್ಸು ಅಂತ ಒಂದಿದೆ, ಸ್ವಂತ ನರ್ಸಿಂಗ್ ಹೋಮ್ ಇಟ್ಟವರಿಗೆ ಅಂಥ ಗಡಿಯೇ ಇಲ್ಲ, ಅಲ್ವಾ?

ನನಗೆ 58 ಆದಾಗ ಒಂದು ಪಿತ್ತಕೋಶದ ಕೇಸ್‌ನಲ್ಲಿ ನಾಳ ಮುಚ್ಚುವ ಕ್ಲಿಪ್ ಹಾಕಿ ಮುಗಿಸಿ, ಮತ್ತೆ ಕ್ಲಿಪ್ ಕೇಳಿದ್ದೆನಂತೆ. ಸಿಸ್ಟರ್ ಒಂದು ಕ್ಷಣ ತಡೆದು, "ಹಾಕಿದ್ದೀರಿ ಸರ್" ಅಂದರಂತೆ. ನಾನು ಗಮನಿಸಿರಲಿಲ್ಲ. ತಿಂಗಳಾದ ಮೇಲೆ ನಾನೇ ಕೂರಿಸಿ ಕೇಳಿದಾಗ ಅದನ್ನು ಅವರು ಹೇಳಿದ್ದು, ಅದೂ ತಲೆ ತಗ್ಗಿಸಿಕೊಂಡು. ಹಾಗಾಗಿ ಚೆನ್ನಾಗಿರುವಾಗಲೇ ಇಬ್ಬರನ್ನು ಗೊತ್ತು ಮಾಡಿ: ಅನಸ್ತೇಷಿಯಾ ಡಾಕ್ಟರು ಒಬ್ಬರು, ಆಪರೇಷನ್ ಥಿಯೇಟರ್‌ನ ಹಳೇ ಸಿಸ್ಟರ್ ಒಬ್ಬರು. ಆರು ತಿಂಗಳಿಗೊಮ್ಮೆ ನೀವೇ ಕೇಳಿ. ಸುಮ್ನೆ "ಹೇಗಿದೆ" ಅನ್ನಬೇಡಿ, "ಯಾವ ಕೇಸ್‌ನಲ್ಲಿ ನಿಮಗೆ ಭಯ ಆಯಿತು?" ಅಂತ ಕೇಳಿ. ನೀವು ಕೋಪ ಮಾಡಿಕೊಂಡರೆ ಅವರು ಇನ್ನೊಮ್ಮೆ ಹೇಳುವುದಿಲ್ಲ.

ಜೊತೆಗೆ ಒಂದು ನೋಟ್‌ಬುಕ್ ಇಡಿ. ಎಷ್ಟು ಹೊತ್ತು ಹಿಡಿಯಿತು, ಎಷ್ಟು ರಕ್ತ ಹೋಯಿತು, ಕೀವಾಯಿತಾ, ಮತ್ತೆ ತೆರೆಯಬೇಕಾಯಿತಾ ಅಂತ ಬರೆದು ಮೂರು ವರ್ಷದ ಹಿಂದಿನದರ ಜೊತೆ ಹೋಲಿಸಿ.

ಆಪರೇಷನ್ ಕಡಿಮೆ ಮಾಡುತ್ತಾ ಬರುವಾಗ ಅಪರೂಪಕ್ಕೆ ಮಾಡುವ ದೊಡ್ಡ ಕೇಸ್‌ಗಳನ್ನು ಮೊದಲು ಬಿಡಿ. ಕೈಗೆ ಪಳಗಿದ ಹರ್ನಿಯಾ, ಹೈಡ್ರೋಸೀಲ್ (ವೃಷಣದ ಸುತ್ತ ನೀರು ತುಂಬುವುದು) ಇನ್ನಷ್ಟು ವರ್ಷ ಇರಲಿ. ದೊಡ್ಡದನ್ನು ಕಿರಿಯರಿಗೆ ಕೊಟ್ಟು ಟೇಬಲ್‌ನ ಆಚೆ ಬದಿಗೆ ಅಸಿಸ್ಟೆಂಟ್ ಆಗಿ ನಿಲ್ಲಿ. ರೋಗಿಗೂ ಮನೆಯವರಿಗೂ ಮೊದಲೇ ಹೇಳಿಬಿಡಿ: "ಆಪರೇಷನ್ ಈ ಡಾಕ್ಟರು ಮಾಡುತ್ತಾರೆ, ನಾನು ಎದುರಿಗೇ ನಿಂತಿರುತ್ತೇನೆ."