ಎರಡು ಸ್ಟೀಲ್ ಬೋಗುಣಿ, ಒಂದು ರಬ್ಬರ್ ಪಟ್ಟಿ: ಮನೆಯಲ್ಲೇ ವ್ಯಾನ್ ಡಿ ಗ್ರಾಫ್ ಜನರೇಟರ್

ಓಡುವ ಬೆಲ್ಟಿನ ಮೇಲೆ ಚಾರ್ಜ್ (ಸ್ಥಿರ ವಿದ್ಯುತ್ತು) ಹೊರಿಸಿ, ಕಂಬದ ತುದಿಯ ಲೋಹದ ಗೋಳದಲ್ಲಿ ಕೂಡಿಹಾಕಿ ಲಕ್ಷಗಟ್ಟಲೆ ವೋಲ್ಟ್ ಏರಿಸುವ ಯಂತ್ರ ವ್ಯಾನ್ ಡಿ ಗ್ರಾಫ್ ಜನರೇಟರ್. ಇದರಲ್ಲಿ ಚಾರ್ಜ್ ಹುಟ್ಟಿಸುವುದು ಸುಲಭ. ಹುಟ್ಟಿದ್ದನ್ನು ಸೋರದಂತೆ ಹಿಡಿದಿಡುವುದೇ ಕೆಲಸ. 1929ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ರಾಬರ್ಟ್ ವ್ಯಾನ್ ಡಿ ಗ್ರಾಫ್ ಮೊದಲ ಮಾದರಿ ಕಟ್ಟಿದ್ದು ತಗಡಿನ ಡಬ್ಬಿ, ಸಣ್ಣ ಮೋಟಾರ್ ಮತ್ತು ರೇಷ್ಮೆ ರಿಬ್ಬನ್ ಇಟ್ಟುಕೊಂಡು. ಸಾಮಾನು ಈಗಲೂ ಅಷ್ಟೇ ಸರಳ. ಕೆಳಗಿರುವುದೆಲ್ಲ ನಾನು ಕಟ್ಟಿ, ಓಡಿಸಿ ನೋಡಿದ ಅಳತೆಗಳು.

ಗೋಳಕ್ಕೆ 25 ಸೆಂ.ಮೀ. ವ್ಯಾಸದ ಎರಡು ಸ್ಟೀಲ್ ಬೋಗುಣಿ. ಒಣ ಗಾಳಿ ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ತಡೆಯುತ್ತದೆ. ಇದನ್ನು ಗೋಳದ ತ್ರಿಜ್ಯದಿಂದ ಗುಣಿಸಿದರೆ ಗರಿಷ್ಠ ವೋಲ್ಟೇಜ್ ಸಿಗುತ್ತದೆ: 12.5 ಸೆಂ.ಮೀ.ಗೆ 3.75 ಲಕ್ಷ ವೋಲ್ಟ್. ಇದು ಕಾಗದದ ಮೇಲಿನ ಲೆಕ್ಕ. ಅಡಿಯಲ್ಲಿ ತೂತು, ನಡುವೆ ಜೋಡಣೆ ಇರುವ ಗೋಳದಲ್ಲಿ 1ರಿಂದ 1.5 ಲಕ್ಷ ಬಂದರೆ ಕೆಲಸ ಚೆನ್ನಾಗಿ ಆಗಿದೆ ಎಂದೇ ಅರ್ಥ.

ಕಂಬಕ್ಕೆ 90 ಮಿ.ಮೀ. ಪಿವಿಸಿ ಪೈಪ್. ಮೇಲಿನ ಮತ್ತು ಕೆಳಗಿನ ರೋಲರ್‌ಗಳ ನಡುವೆ 50 ಸೆಂ.ಮೀ. ಅಂತರ. ರೋಲರ್‌ಗಳು 25 ಮಿ.ಮೀ. ವ್ಯಾಸ, 60 ಮಿ.ಮೀ. ಉದ್ದ, ಒಳಗೆ 8 ಮಿ.ಮೀ. ಕಬ್ಬಿಣದ ಆಕ್ಸಲ್. ಬೇರಿಂಗನ್ನು ರೋಲರಿನೊಳಗೆ ಕೂರಿಸಲು ಹೋಗಬೇಡಿ, ಗೋಡೆ ತೆಳುವಾಗಿಬಿಡುತ್ತದೆ. ಪೈಪಿನ ತುದಿಗೆ ಬಿಗಿದ ಅಕ್ರಿಲಿಕ್ ತುಂಡುಗಳಲ್ಲಿ 608 ನಂಬರಿನ ಬೇರಿಂಗ್ ಕೂರಿಸಿದರೆ ಸಾಕು. ಓಡಿಸಲು ಹೊಲಿಗೆ ಯಂತ್ರದ ಮೋಟಾರ್ ಹೇಳಿ ಮಾಡಿಸಿದಂತಿದೆ, ಪೆಡಲ್ ಒತ್ತಿ ವೇಗ ಹೊಂದಿಸಬಹುದು. ಮಿಕ್ಸಿ ಮೋಟಾರಿನ ವೇಗಕ್ಕೆ ಬೆಲ್ಟ್ ಕಿತ್ತುಹೋಗುತ್ತದೆ.

ಹೆಚ್ಚಿನವರು ಎಡವುವುದು ರೋಲರಿನ ಆಯ್ಕೆಯಲ್ಲಿ. ಎರಡೂ ಒಂದೇ ವಸ್ತುವಿನದಾದರೆ ಯಂತ್ರ ತಿರುಗುತ್ತದೆ, ಕಿಡಿ ಬರುವುದಿಲ್ಲ. ಕೆಳಗೆ ಟೆಫ್ಲಾನ್, ಮೇಲೆ ನೈಲಾನ್ ಇಡಿ. ರಬ್ಬರಿಗೆ ಉಜ್ಜಿಕೊಂಡಾಗ ಟೆಫ್ಲಾನ್ ಋಣ ಚಾರ್ಜ್ ಪಡೆಯುತ್ತದೆ, ಕೆಳಗಿನ ಬಾಚಣಿಗೆಯಿಂದ (ಬೆಲ್ಟಿಗೆ ತಾಗದಂತೆ ಹತ್ತಿರ ಇಟ್ಟ ತಂತಿಯ ಕುಂಚ) ಧನ ಚಾರ್ಜನ್ನು ಬೆಲ್ಟಿನ ಹೊರಮೈಗೆ ಸೆಳೆಯುತ್ತದೆ. ಮೇಲೆ ನೈಲಾನ್ ಧನವಾಗುವುದರಿಂದ ಬೆಲ್ಟ್ ಋಣ ಚಾರ್ಜ್ ಹೊತ್ತು ಕೆಳಗಿಳಿಯುತ್ತದೆ. ಹೋಗುವಾಗ ಬರುವಾಗ ಎರಡೂ ಕಡೆ ದುಡಿಮೆ. ಟೆಫ್ಲಾನ್ ರಾಡ್ ದುಬಾರಿ ಅನ್ನಿಸಿದರೆ ನೈಲಾನ್ ರೋಲರಿಗೆ ನಲ್ಲಿ ರಿಪೇರಿಯ ಟೆಫ್ಲಾನ್ ಟೇಪ್ ಹತ್ತು ಸುತ್ತು ಬಿಗಿಯಾಗಿ ಸುತ್ತಿ.

ಲೇತ್‌ನಲ್ಲಿ ಕೊಯ್ಯಿಸುವಾಗ ರೋಲರಿನ ನಡುಭಾಗ ತುದಿಗಳಿಗಿಂತ 1 ಮಿ.ಮೀ. ದಪ್ಪ ಇರಲಿ. ಬೆಲ್ಟ್ ಯಾವಾಗಲೂ ದಪ್ಪ ಇರುವ ಕಡೆಗೆ ಸರಿಯುತ್ತದೆ, ಆದ್ದರಿಂದ ತಾನಾಗಿಯೇ ನಡುವೆ ನಿಲ್ಲುತ್ತದೆ. ಈ ಉಬ್ಬು ಇಲ್ಲದಿದ್ದರೆ ಅರ್ಧ ನಿಮಿಷದಲ್ಲಿ ಬೆಲ್ಟ್ ಅಂಚಿಗೆ ಸರಿದು ಹರಿಯುತ್ತದೆ.

ಬೆಲ್ಟಿಗೆ ವ್ಯಾಯಾಮಕ್ಕೆ ಮಾರುವ ಲ್ಯಾಟೆಕ್ಸ್ ಪಟ್ಟಿಯನ್ನು 5 ಸೆಂ.ಮೀ. ಅಗಲಕ್ಕೆ ಕತ್ತರಿಸಿ. ಸೈಕಲ್ ಟ್ಯೂಬ್ ಆಗುವುದೇ ಇಲ್ಲ; ಅದರ ಕಪ್ಪು ಬಣ್ಣ ಕಾರ್ಬನ್ನಿನದು, ವಿದ್ಯುತ್ತನ್ನು ಹರಿಯಬಿಡುತ್ತದೆ. ಉದ್ದದ ಲೆಕ್ಕ ಹೀಗೆ: 50 ಸೆಂ.ಮೀ. ಎರಡು ಸಲ, ಜೊತೆಗೆ ರೋಲರಿನ ಸುತ್ತಳತೆ 8, ಒಟ್ಟು 108. ಎಳೆತಕ್ಕೆಂದು ಶೇ. 10 ಕಳೆದು, ಅಂಟಿಗೆ 1 ಸೆಂ.ಮೀ. ಸೇರಿಸಿದರೆ 98. ತುದಿಗಳನ್ನು ಓರೆಯಾಗಿ ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಪಂಕ್ಚರ್ ಅಂಗಡಿಯ ಸಲ್ಯೂಷನ್ ಎರಡೂ ಕಡೆ ತೆಳುವಾಗಿ ಹಚ್ಚಿ. ಬೆರಳಿಗೆ ಅಂಟದಷ್ಟು ಒಣಗಿದ ಮೇಲೆಯೇ ಒತ್ತಬೇಕು. ಹಸಿಯಿದ್ದಾಗ ಒತ್ತಿದ ಜೋಡಣೆ ಮೊದಲ ಓಟದಲ್ಲೇ ಬಿಡುತ್ತದೆ. ನೇರವಾಗಿ ಕತ್ತರಿಸಿದರೆ ಜೋಡಣೆಯ ಉಬ್ಬು ಪ್ರತಿ ಸುತ್ತಿನಲ್ಲೂ ರೋಲರಿಗೆ ಟಪ್ ಎಂದು ಬಡಿಯುತ್ತದೆ. ಓರೆ ಕತ್ತರಿಸಿದ್ದು ಸದ್ದಿಲ್ಲದೆ ದಾಟುತ್ತದೆ.

ಬಾಚಣಿಗೆಗೆ ಎಳೆಎಳೆಯಾದ ತಾಮ್ರದ ವೈರನ್ನು ಬಿಚ್ಚಿ ಕುಂಚದಂತೆ ಹರಡಿದರೆ ಸಾಕು. ಬೆಲ್ಟಿನಿಂದ 2–3 ಮಿ.ಮೀ. ದೂರ, ರೋಲರಿನ ನೇರಕ್ಕೆ, ತಾಗಬಾರದು. ಮೇಲಿನದು ಗೋಳದ ಒಳಮೈಗೆ, ಕೆಳಗಿನದು ಅರ್ತಿಗೆ. ಮೋಟಾರಿನ ಮೈಗೂ ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತ್ ಇರಲೇಬೇಕು.

ಇನ್ನು ಸೋರಿಕೆ. ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಬೆಲ್ಟ್ ಸೆಕೆಂಡಿಗೆ 5 ಮೀಟರ್ ಓಡುತ್ತದೆ. ಈ ಅಗಲದ ಬೆಲ್ಟಿನ ಮೈ ಹೊರಬಲ್ಲ ಚಾರ್ಜನ್ನು ಲೆಕ್ಕ ಹಾಕಿದರೆ ಒಂದು ದಿಕ್ಕಿನಲ್ಲಿ ಹೆಚ್ಚೆಂದರೆ 7 ಮೈಕ್ರೋ ಆಂಪಿಯರ್. ಕೈಗೆ ಸಿಗುವುದು 3 ಎಂದಿಟ್ಟುಕೊಳ್ಳಿ. 1.5 ಲಕ್ಷ ವೋಲ್ಟಿನಲ್ಲಿ ಪೈಪೊಂದೇ ಅದನ್ನು ಪೂರ್ತಿ ನುಂಗಲು 5,000 ಕೋಟಿ ಓಮ್ ರೋಧ ಸಾಕು! ಯಾವ ಸಾಧಾರಣ ಮಲ್ಟಿಮೀಟರೂ ಇದನ್ನು ತೋರಿಸುವುದಿಲ್ಲ. ಪೈಪ್ ಚೆನ್ನಾಗಿದೆ ಎಂದು ಮೀಟರ್ ನೋಡಿ ನಂಬುವುದರಿಂದಲೇ ಎಷ್ಟೋ ಯಂತ್ರಗಳು ಅರ್ಧಕ್ಕೆ ನಿಲ್ಲುತ್ತವೆ.

ಪರೀಕ್ಷೆಗೆ ಬೇಕಾದ್ದು ಗಾಜಿನ ಬಾಟಲಿಯೊಳಗೆ ತಂತಿಗೆ ನೇತುಹಾಕಿದ ಎರಡು ಅಲ್ಯೂಮಿನಿಯಂ ಫಾಯಿಲ್ ಎಲೆ. ತಂತಿಯನ್ನು ಪ್ಲಾಸ್ಟಿಕ್ ಮುಚ್ಚಳದ ಮೂಲಕ ತೂರಿಸಿ. ತಲೆಗೂದಲಿಗೆ ಉಜ್ಜಿದ ಪ್ಲಾಸ್ಟಿಕ್ ಸ್ಕೇಲನ್ನು ತಂತಿಗೆ ಸವರಿದರೆ ಎಲೆಗಳು ಅಗಲುತ್ತವೆ. ಈಗ ಪೈಪಿನ ಒಂದು ತುದಿ ಕೈಯಲ್ಲಿ ಹಿಡಿದು ಇನ್ನೊಂದನ್ನು ತಂತಿಗೆ ತಾಗಿಸಿ. ಎಲೆಗಳು ಹಾಗೇ ನಿಂತರೆ ಪೈಪ್ ಸರಿ. ಮೆಲ್ಲಗೆ ಕೂಡಿಕೊಂಡರೆ ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ ಮತ್ತೆ ನೋಡಿ. ಆಗಲೂ ಬಿದ್ದರೆ ಆ ಪೈಪ್ ಬಿಡಿ, ಬೇರೆ ತನ್ನಿ. ಬೆಲ್ಟಿಗೂ ಇದೇ ಪರೀಕ್ಷೆ. ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಜಿಡ್ಡೇ ದಾರಿ ಮಾಡಿಕೊಡುತ್ತದೆ.

ಗೋಳದಲ್ಲಿ ಶತ್ರು ಎಂದರೆ ಚೂಪು. ಕೆಳಗಿನ ಬೋಗುಣಿಯ ತೂತಿನ ಅಂಚಿಗೆ ಸೀಳಿದ ಪ್ಲಾಸ್ಟಿಕ್ ಟ್ಯೂಬ್ ತೊಡಿಸಿ. ಎರಡು ಬೋಗುಣಿಗಳ ಬಾಯಿ ಕೂಡುವಲ್ಲಿ ಅಲ್ಯೂಮಿನಿಯಂ ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಿ. ಆಮೇಲೆ ರಾತ್ರಿ ದೀಪ ಆರಿಸಿ, ಕಣ್ಣು ಕತ್ತಲೆಗೆ ಹೊಂದಲು ಹತ್ತು ನಿಮಿಷ ಬಿಟ್ಟು ಓಡಿಸಿ. ಕೆಳಗಿನ ಬಾಚಣಿಗೆಯ ತುದಿಗಳಲ್ಲಿ ನೇರಳೆ ಮಿಣುಕು ಕಾಣಬೇಕು. ಗೋಳದ ಮೇಲೆ ಎಲ್ಲಾದರೂ ಅದೇ ಬಣ್ಣ, ಸುಯ್ಯೆನ್ನುವ ಸದ್ದು ಇದ್ದರೆ ಸೋರುವ ಜಾಗ ಅದೇ. ನನ್ನ ಗೋಳದಲ್ಲಿ ಅದು ಟೇಪಿನ ಮಡಿಚಿದ ಮೂಲೆ. ಒಂದು ಚಮಚದ ಬೆನ್ನಿನಿಂದ ಉಜ್ಜಿ ಸಮ ಮಾಡಿದ ಕೂಡಲೇ ಕಿಡಿಯ ಉದ್ದ 3ರಿಂದ 5 ಸೆಂ.ಮೀ.ಗೆ ಏರಿತು.

ಹವೆಯನ್ನು ಗೆಲ್ಲಲಾಗದು. ಮಂಗಳೂರಿನ ಮಳೆಗಾಲದಲ್ಲಿ ಯಂತ್ರವನ್ನು ಮುಟ್ಟದಿರುವುದೇ ಮೇಲು. ಬಯಲುಸೀಮೆಯ ಫೆಬ್ರವರಿ, ಮಾರ್ಚ್ ಮಧ್ಯಾಹ್ನಗಳು ಇದಕ್ಕೆ ಹೇಳಿದ ಕಾಲ. ತೇವ ಸ್ವಲ್ಪ ಇದ್ದರೆ ಪೈಪಿನೊಳಗೆ ಹೇರ್ ಡ್ರೈಯರ್ ಐದು ನಿಮಿಷ ಊದಿ.

ಕಿಡಿ ಸೆಳೆಯಲು ಉದ್ದ ಹಿಡಿಯ ಸ್ಟೀಲ್ ಸೌಟಿಗೆ ಅರ್ತ್ ವೈರ್ ಕಟ್ಟಿ. ಅದರ ಗುಂಡನೆಯ ಬೆನ್ನು ಗೋಳದ ಕಡೆಗಿರಲಿ. ಈ ಗೋಳದಲ್ಲಿ ನಿಲ್ಲುವ ಶಕ್ತಿ 0.15 ಜೂಲ್ ಆಸುಪಾಸು, ಕೈಗೆ ಚುರ್ ಎನ್ನುವಷ್ಟು. ಆದರೆ ಚಾರ್ಜ್ ಕೂಡಿಡುವ ಲೈಡನ್ ಜಾಡಿಯನ್ನಾಗಲಿ ಕೆಪಾಸಿಟರನ್ನಾಗಲಿ ಜೋಡಿಸಿದರೆ ಅದು ಹತ್ತಾರು ಪಟ್ಟು ಹೆಚ್ಚಿ ಜೀವಕ್ಕೇ ಅಪಾಯ, ದಯವಿಟ್ಟು ಜೋಡಿಸಬೇಡಿ. ಪೇಸ್‌ಮೇಕರ್ ಇರುವವರು ಆ ಕೋಣೆಗೇ ಬರಬಾರದು. ಮೊಬೈಲ್, ಲ್ಯಾಪ್‌ಟಾಪ್ ಹೊರಗಿಡಿ, ಕಿಟಕಿ ತೆರೆದಿಡಿ, ಓಝೋನ್ ಗಂಟಲು ಕೆರೆಯುತ್ತದೆ. ಮೋಟಾರ್ ಆರಿಸಿದ ಮೇಲೂ ಬೆಲ್ಟ್ ಕೆಲ ಕ್ಷಣ ತಿರುಗುತ್ತದೆ. ಅದು ಪೂರ್ತಿ ನಿಂತ ನಂತರ ಸೌಟನ್ನು ಗೋಳಕ್ಕೆ ಎರಡು ಸಲ ತಾಗಿಸಿ, ಆಮೇಲೆ ಕೈ ಇಡಿ.