ಎಸ್ಸೆಸ್ಸೆಲ್ಸಿಗೆ ಸ್ಕ್ರೈಬ್ ಮತ್ತು ಹೆಚ್ಚುವರಿ ಸಮಯ: ಜೂನ್‌ನಲ್ಲೇ ಶುರು ಮಾಡಬೇಕಾದ ಕೆಲಸ

ಅಂಗವೈಕಲ್ಯವಿರುವ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ಸ್ಕ್ರೈಬ್ (ವಿದ್ಯಾರ್ಥಿ ಹೇಳಿದ್ದನ್ನು ಬರೆಯುವ ಸಹಾಯಕರು) ನೆರವು ಕಳೆದುಕೊಳ್ಳುವುದಕ್ಕೆ ಬಹುಪಾಲು ಕಾರಣ ಒಂದೇ: ಕಾಗದಪತ್ರ ತಡವಾಗಿ ಹೊರಡುವುದು. ಫೆಬ್ರವರಿಯಲ್ಲಿ ಹಾಲ್ ಟಿಕೆಟ್ ನೋಡಿದ ಮೇಲೆ ಓಡಾಡಿದರೆ ಆಸ್ಪತ್ರೆಯೂ ಕೈಗೆ ಸಿಗುವುದಿಲ್ಲ, ಪರೀಕ್ಷಾ ಮಂಡಳಿಯೂ ಸಿಗುವುದಿಲ್ಲ. ಮಗು ಹತ್ತನೇ ತರಗತಿಗೆ ಕಾಲಿಟ್ಟ ಜೂನ್‌ನಲ್ಲೇ, ಸಾಧ್ಯವಾದರೆ ಒಂಬತ್ತರಲ್ಲೇ, ಕೆಲಸ ಶುರು ಮಾಡಿ.

ಮೊದಲು ಯುಡಿಐಡಿ

ಯುಡಿಐಡಿ ಎಂದರೆ ಅಂಗವೈಕಲ್ಯವಿರುವವರಿಗೆ ಕೇಂದ್ರ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಕಾರ್ಡು. ಇದಕ್ಕೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಫೋಟೋ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು, ಆಧಾರ್, ವಿಳಾಸದ ದಾಖಲೆ ಇದ್ದರೆ ಸಾಕು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಲ್ಲರೂ ವಿಆರ್‌ಡಬ್ಲ್ಯೂ ಎಂದು ಕರೆಯುವವರು, ಅರ್ಜಿ ತುಂಬಲು ನೆರವಾಗುತ್ತಾರೆ. ಆಮೇಲೆ ಆಸ್ಪತ್ರೆಯ ತಪಾಸಣೆ. ಕಾರ್ಡಿನ ಬಣ್ಣದಲ್ಲೇ ವೈಕಲ್ಯದ ಪ್ರಮಾಣ ಗೊತ್ತಾಗುತ್ತದೆ: ಶೇ 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ.

ಇಲ್ಲಿ ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಹೆಸರಿನಲ್ಲಿ. ಶಾಲಾ ದಾಖಲೆಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ. ಜನ್ಮದಿನಾಂಕ ಒಂದರಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. ಅರ್ಜಿ ಹಾಕುವ ಮೊದಲೇ ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ, ತಪ್ಪಿದ್ದರೆ ಮೊದಲು ತಿದ್ದಿಸಿ. ಪ್ರಮಾಣಪತ್ರ ತಾತ್ಕಾಲಿಕವಾಗಿದ್ದರೆ ಅದರ ಮೇಲಿರುವ ಅವಧಿ ಪರೀಕ್ಷೆಯ ತಿಂಗಳನ್ನು ದಾಟುತ್ತದೆಯೇ ಎಂದೂ ನೋಡಿಕೊಳ್ಳಿ.

ಡಿಸ್‌ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಇದಕ್ಕೇ ಹೆಚ್ಚು ಸಮಯ ಬೇಕು. ಒಂದೇ ಭೇಟಿಯಲ್ಲಿ ಮುಗಿಯದೆ, ಹಲವು ಪರೀಕ್ಷೆಗಳ ಬಳಿಕ ವರದಿ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ತಪಾಸಣೆ ಇದೆ. ಆದರೆ ಯುಡಿಐಡಿ ಕಾರ್ಡಿಗೆ ಯಾವ ಆಸ್ಪತ್ರೆಯ ಪ್ರಮಾಣಪತ್ರ ನಡೆಯುತ್ತದೆ ಎಂಬುದನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಂಡರೆ ಎರಡೆರಡು ಸಲ ಅಲೆಯುವುದು ತಪ್ಪುತ್ತದೆ.

ಶೇ 40 ಇಲ್ಲದಿದ್ದರೆ?

ಕೈಬಿಡಬೇಡಿ. ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ, ಸ್ಕ್ರೈಬ್ ಪಡೆಯಲು ಶೇ 40ರ ಮಿತಿ ಕಡ್ಡಾಯವಲ್ಲ ಎಂದು ಹೇಳಿತು. ಬರೆಯಲು ತೊಂದರೆ ಇರುವವರಿಗಾಗಿ ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ನಿಮಗೆ ಬೇಕಾದದ್ದು ವೈದ್ಯರ ಸ್ಪಷ್ಟ ಮಾತು. ‘ಸಂಧಿವಾತವಿದೆ’ ಎಂದಷ್ಟೇ ಬರೆದ ಪತ್ರಕ್ಕೆ ಬೆಲೆಯಿಲ್ಲ. ‘ಈ ಕಾರಣದಿಂದ ಬರೆಯುವ ಸಾಮರ್ಥ್ಯಕ್ಕೆ ಅಡ್ಡಿಯಾಗುತ್ತಿದೆ, ಸ್ಕ್ರೈಬ್ ಅಗತ್ಯ’ ಎಂಬ ವಾಕ್ಯ ಅದರಲ್ಲಿ ಇರಲೇಬೇಕು.

ಏನೇನು ಕೇಳಬಹುದು

ಕೇಂದ್ರದ ಮಾರ್ಗಸೂಚಿಯ ಪ್ರಕಾರ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ, ಅಂದರೆ 3 ಗಂಟೆಯ ಪತ್ರಿಕೆಗೆ 1 ಗಂಟೆ. ಅರ್ಹ ವಿದ್ಯಾರ್ಥಿ ಸ್ಕ್ರೈಬ್ ಬೇಡವೆಂದು ತಾನೇ ಬರೆದರೂ ಈ ಸಮಯಕ್ಕೆ ಹಕ್ಕಿದೆ. ಎಷ್ಟೋ ಪೋಷಕರಿಗೆ ಇದೇ ಗೊತ್ತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಸ್ಕ್ರೈಬ್ ಮತ್ತು ಹೆಚ್ಚುವರಿ ಸಮಯದ ಜೊತೆಗೆ ದ್ವಿತೀಯ, ತೃತೀಯ ಭಾಷೆಯ ವಿನಾಯಿತಿಯನ್ನೂ ಹೆಸರಿಸುತ್ತದೆ. ಭಾಷಾ ವಿನಾಯಿತಿ ಕೇಳುವ ಮುನ್ನ ಮಗುವಿನ ಜೊತೆ ಕೂತು ಮಾತಾಡಿ. ಸ್ಕ್ರೈಬ್ ಇದ್ದರೆ ಚೆನ್ನಾಗಿ ಮಾಡಬಲ್ಲ ವಿಷಯವನ್ನು ಸುಮ್ಮನೆ ಬಿಡಿಸಬೇಡಿ.

ಶಾಲೆಯಿಂದ ಆಗಬೇಕಾದದ್ದು

ಮಂಡಳಿಗೆ ವಿವರ ಹೋಗುವುದು ಮುಖ್ಯ ಶಿಕ್ಷಕರ ಮೂಲಕ. ಯಾವ ಸೌಲಭ್ಯ ಬೇಕು ಎಂಬುದನ್ನು ಪಟ್ಟಿ ಮಾಡಿ, ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪರೀಕ್ಷಾ ನೋಂದಣಿ ಮುಗಿದ ಮೇಲೆ ತುಂಬಿದ ಅರ್ಜಿಯ ಪ್ರಿಂಟ್ ಕೇಳಿ, ವಿಶೇಷ ಅಗತ್ಯದ ವಿವರ ಸರಿಯಾಗಿ ಬಿದ್ದಿದೆಯೇ ಎಂದು ಕಣ್ಣಾರೆ ನೋಡಿ. ಆ ಒಂದು ಕಾಲಂ ಖಾಲಿ ಉಳಿದರೆ ಮುಂದಿನದೆಲ್ಲ ನಿಲ್ಲುತ್ತದೆ. ಶಾಲೆಗೆ ವಿಧಾನ ಗೊತ್ತಿಲ್ಲದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಅಥವಾ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಇರುವ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ಕೇಳಿ.

ಸ್ಕ್ರೈಬ್ ಆಯ್ಕೆ ಮತ್ತು ಅಭ್ಯಾಸ

ಸ್ಕ್ರೈಬ್ ಪರೀಕ್ಷಾರ್ಥಿಗಿಂತ ಕೆಳಗಿನ ತರಗತಿಯವರಾಗಿರಬೇಕು. ಎಷ್ಟು ಕೆಳಗೆ ಎಂಬುದಕ್ಕೆ ಆ ವರ್ಷದ ಮಂಡಳಿ ಸುತ್ತೋಲೆಯನ್ನೇ ನೋಡಿ, ಹಿಂದಿನ ವರ್ಷದ್ದನ್ನು ನಂಬಬೇಡಿ. ಜಾಣ ಹುಡುಗನಿಗಿಂತ ಅಕ್ಷರ ದುಂಡಗಿರುವ, ಒತ್ತಕ್ಷರ ತಪ್ಪದ, ತಾಳ್ಮೆಯಿರುವ ಹುಡುಗಿ ಅಥವಾ ಹುಡುಗ ಮೇಲು. ಕನ್ನಡ, ಇಂಗ್ಲಿಷ್, ಹಿಂದಿ ಮೂರನ್ನೂ ವೇಗವಾಗಿ ಬರೆಯುವವರು ಅಪರೂಪ. ಮಾರ್ಗಸೂಚಿ ಬೇರೆ ಬೇರೆ ವಿಷಯಕ್ಕೆ, ಅದರಲ್ಲೂ ಭಾಷೆಗಳಿಗೆ, ಬೇರೆ ಸ್ಕ್ರೈಬ್ ಇಟ್ಟುಕೊಳ್ಳಲು ಬಿಡುತ್ತದೆ. ಬೇಸಿಗೆಯಲ್ಲಿ ಜ್ವರ ಬಂದು ಮಲಗುವವರು ಇದ್ದೇ ಇರುತ್ತಾರೆ, ಹಾಗಾಗಿ ಬದಲಿಯೊಬ್ಬರ ಫೋಟೋ, ವ್ಯಾಸಂಗ ಪ್ರಮಾಣಪತ್ರ, ಪೋಷಕರ ಒಪ್ಪಿಗೆ ಪತ್ರವನ್ನೂ ಸಿದ್ಧವಿಡಿ.

ಅನುಮತಿ ಸಿಕ್ಕರೂ ಅಂಕ ಬರದಿರುವುದಕ್ಕೆ ಕಾರಣ ಅಭ್ಯಾಸದ ಕೊರತೆ. ತಲೆಯಲ್ಲಿರುವ ಉತ್ತರವನ್ನು ಬಾಯಿಬಿಟ್ಟು ಬರೆಸುವುದು ಬೇರೆಯದೇ ಕೌಶಲ, ಅದನ್ನು ಕಲಿಸಲೇಬೇಕು. ಮೊದಲು ಪ್ರಶ್ನೆಯ ಸಂಖ್ಯೆ, ಆಮೇಲೆ ಐದಾರು ಪದಗಳ ತುಂಡು, ಎಲ್ಲಿ ಪೂರ್ಣವಿರಾಮ, ಎಲ್ಲಿ ಹೊಸ ಪ್ಯಾರಾ: ಎಲ್ಲವನ್ನೂ ಹೇಳಬೇಕು. ಗಣಿತದಲ್ಲಿ ‘ಎಕ್ಸ್ ಪ್ಲಸ್ ಎರಡರ ವರ್ಗ’ ಎಂದರೆ ವರ್ಗ ಎರಡಕ್ಕೋ ಇಡೀ ಪದಕ್ಕೋ ತಿಳಿಯದು. ‘ಬ್ರಾಕೆಟ್ ತೆರೆ, ಎಕ್ಸ್ ಪ್ಲಸ್ ಎರಡು, ಬ್ರಾಕೆಟ್ ಮುಚ್ಚು, ಮೇಲೆ ಎರಡು’ ಎಂದು ಹೇಳಿಸಿ. ಭಿನ್ನರಾಶಿಗೆ ಮೊದಲು ಅಂಶ, ‘ಗೆರೆ’, ನಂತರ ಛೇದ. ವಿಜ್ಞಾನದ ಚಿತ್ರದಲ್ಲಿ ಭಾಗಗಳ ಹೆಸರು, ಬಾಣದ ದಿಕ್ಕು ವಿದ್ಯಾರ್ಥಿಯ ಬಾಯಿಂದಲೇ ಬರಬೇಕು. ಸ್ಕ್ರೈಬ್ ತಾನಾಗಿ ಸೇರಿಸಿದರೆ ಅದು ಅಕ್ರಮ.

80 ಅಂಕಕ್ಕೆ 240 ನಿಮಿಷ ಸಿಕ್ಕಿದರೆ ಅಂಕಕ್ಕೆ ಎರಡೂವರೆ ನಿಮಿಷದಂತೆ 200 ನಿಮಿಷ ಬರೆಸಿ, ಉಳಿದ 40ರಲ್ಲಿ ಸ್ಕ್ರೈಬ್ ಓದಿ ಹೇಳಲಿ, ವಿದ್ಯಾರ್ಥಿ ತಿದ್ದಿಸಲಿ. ಗಡಿಯಾರ ಕಾಣದವರು ಸಮಯವನ್ನು ಪ್ರತಿ ಅರ್ಧ ಗಂಟೆಗೆ ಹೇಳುವಂತೆ ಮೇಲ್ವಿಚಾರಕರನ್ನು ಮೊದಲೇ ಕೇಳಿಕೊಳ್ಳಲಿ. ಇಡೀ ಪತ್ರಿಕೆಯ ಅಭ್ಯಾಸವನ್ನು ಅದೇ ಸ್ಕ್ರೈಬ್ ಜೊತೆ ವಿಷಯಕ್ಕೊಂದು ಸಲವಾದರೂ ಮಾಡಿಸಿ.

ಪರೀಕ್ಷೆಯ ದಿನ

ಹಿಂದಿನ ದಿನವೇ ಕೇಂದ್ರಕ್ಕೆ ಹೋಗಿ ಕೊಠಡಿ ನೋಡಿ. ನೆಲಮಹಡಿಯಲ್ಲಿರಬೇಕು, ಗಟ್ಟಿಯಾಗಿ ಹೇಳಿ ಬರೆಸಲು ಬೇರೆ ಕೊಠಡಿಯಾಗಬೇಕು, ಶೌಚಾಲಯಕ್ಕೆ ಗಾಲಿಕುರ್ಚಿ ಹೋಗಬೇಕು. ಅನುಮತಿ ಪತ್ರದ ಎರಡು ಜೆರಾಕ್ಸ್ ಜೊತೆಗಿರಲಿ. ಸಾಮಾನ್ಯ ಸಮಯ ಮುಗಿದು ಗಂಟೆ ಬಾರಿಸಿದ ಕೂಡಲೇ ಉತ್ತರಪತ್ರಿಕೆ ಕೇಳುವುದುಂಟು. ಆಗ ತೋರಿಸಲು ಆ ಪತ್ರವೇ ಬೇಕು. ಆದರೂ ಒಪ್ಪದಿದ್ದರೆ ಮುಖ್ಯ ಅಧೀಕ್ಷಕರನ್ನು ಅಲ್ಲೇ ಕರೆಸಿ, ಮಗುವಿನ ಕೈಯಿಂದ ಪತ್ರಿಕೆ ಬಿಡಿಸಬೇಡಿ. ಅದೇ ದಿನ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಗೆ ಲಿಖಿತ ದೂರು ಕೊಡಿ. ಅಲ್ಲಿಂದ ಮುಂದೆ ರಾಜ್ಯ ಅಂಗವಿಕಲರ ಆಯುಕ್ತರಿದ್ದಾರೆ.

ಎಸ್ಸೆಸ್ಸೆಲ್ಸಿಯಲ್ಲಿ ಸಿಕ್ಕಿದ್ದು ಪಿಯುಸಿಗೆ, ಸಿಇಟಿಗೆ ತಾನಾಗಿ ಹೋಗುವುದಿಲ್ಲ. ಪ್ರತಿ ಅರ್ಜಿಯಲ್ಲೂ ಮತ್ತೆ ಕೇಳಬೇಕು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯದವರಿಗೆ ಕನಿಷ್ಠ ಶೇ 5 ಸೀಟು ಮೀಸಲಿದೆ. ಈ ಫೈಲನ್ನು ಹಾಗೇ ಜೋಪಾನವಾಗಿಡಿ.